ಕುಟುಂಬದ ಯಜಮಾನರ ಹೆಸರು

ಇಲ್ಲ, ತಾನು ಹೇಳಿರಲಾರ. ಹೇಳಿದ್ದರೆ ಯಾವಾಗ, ಯಾರೆದುರು? ಪೆರುಂಗುಡಿಯ ಆಫೀಸಿನಿಂದ ಮರಳುವಾಗ ಸ್ಕೂಟರಿನ ಹಿಂದೆ ಕೂತ ನಿಶಾಂತನೊಡನೆ ಆಡಿದ ಮಾತುಗಳಲ್ಲಿ ಒಂದು ಜಾರಿಬಿಟ್ಟಿತೇ? ರಸ್ತೆ ಅಗಲ ಮಾಡಲೆಂದು ಉದ್ದಕ್ಕೂ ಅಗೆದುಹಾಕಿದ್ದರು. ಜಲ್ಲಿ ಲಾರಿಗಳ ಸದ್ದಿನಲ್ಲಿ ಹಿಂದೆ ಕೂತವನಿಗೆ ಕೇಳಿಸಬೇಕಾದರೆ ಕೂಗಬೇಕಿತ್ತು. ಅಂಥ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಬಾಯಿ ಹೇಳದಿದ್ದರೆ ಮುಖ ಹೇಳಿಬಿಟ್ಟಿತೇ? ನಿಶಾಂತ ಮದುವೆಯ ಸುದ್ದಿ ಎತ್ತಿದಾಗಲೆಲ್ಲ ತಾನು ಸುಮ್ಮನಾಗುತ್ತಿದ್ದದ್ದು ನಿಜ. ಆ ಸುಮ್ಮನಿರುವಿಕೆಯನ್ನೇ ಅವನು ಓದಿಕೊಂಡನೇ? ಬಾಯಿ ಮುಚ್ಚಿಕೊಳ್ಳುವುದೂ ಒಂದು ಬಗೆಯಲ್ಲಿ ಹೇಳಿದಂತೆಯೇ ಎಂದಾದರೆ, ಮನುಷ್ಯ ಗುಟ್ಟು ಕಾಯುವುದಾದರೂ ಹೇಗೆ?

ಪಲ್ಲಾವರಂನ ಮನೆಯ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ನಿಂತು ಚಂದ್ರಶೇಖರ ಇದನ್ನೇ ತಿರುವಿ ತಿರುವಿ ಹಾಕುತ್ತಿದ್ದ. ಭಾನುವಾರದ ಮಧ್ಯಾಹ್ನ. ಇಳಿಯುತ್ತಿದ್ದ ವಿಮಾನವೊಂದು ಹೊಟ್ಟೆ ಕಾಣುವಷ್ಟು ಕೆಳಗೆ ಹಾದುಹೋಗಿ, ಸದ್ದು ಕರಗಿದ ಮೇಲೆ ಕೆಳಗಿನ ಅಡುಗೆಮನೆಯ ನಲ್ಲಿ ಕೇಳಿಸಿತು. ತಂಗಿ ಪಾವನಾ ಪಾತ್ರೆ ತೊಳೆಯುತ್ತಿದ್ದಳು. ಒಂದು ಲೋಟವೂ ಇನ್ನೊಂದಕ್ಕೆ ತಾಕದಂತೆ ತೊಳೆಯುತ್ತಿದ್ದಳು. ಅವಳು ಎತ್ತಿ ಕುಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುರುವಾರ ಅತ್ತೆಯ ಫೋನು ಬಂದಿತ್ತು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ, ನಾಗಮಣಿ. ಗಂಡ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ಅಣ್ಣನಿರುವ ಊರೆಂದು ಚೆನ್ನೈಗೆ ಬಂದು, ಪೋರೂರಿನಲ್ಲಿ ಮನೆ ಮಾಡಿ ಮಗನನ್ನು ಓದಿಸಿದವಳು. ಆ ಮಗನೇ ನಿಶಾಂತ. ಚಂದ್ರಶೇಖರನ ಕಂಪನಿಯಲ್ಲೇ, ಚಂದ್ರಶೇಖರನೇ ಹೇಳಿ ಕೊಡಿಸಿದ ಕೆಲಸದಲ್ಲಿದ್ದ. ಪಾವನಾ ತೊಟ್ಟಿಲಲ್ಲಿದ್ದಾಗಲೇ ನಿಶಾಂತನಿಗೆ ಎಂದು ಹೇಳಿಕೊಂಡಿದ್ದರು. ಅವರ ಮನೆತನದಲ್ಲಿ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ದೊಡ್ಡವರಾದ ಮೇಲೆ ಅವರಿಬ್ಬರಿಗೂ ಅದು ಬರೀ ಹಿರಿಯರ ಮಾತಾಗಿ ಉಳಿದಿರಲಿಲ್ಲ. ಶ್ರಾವಣದಲ್ಲಿ ನಿಶ್ಚಿತಾರ್ಥಕ್ಕೆ ದಿನ ನೋಡಿಯೂ ಆಗಿತ್ತು.

"ಜಾತಕ ತೋರಿಸ್ದೆ ಅಣ್ಣ. ಕೂಡಲ್ವಂತೆ," ಎಂದಿದ್ದಳು ಅತ್ತೆ.

ಅಮ್ಮ ಜಯಲಕ್ಷ್ಮಮ್ಮನಿಗೆ ಅದು ನುಂಗಲಾರದ ತುತ್ತು. "ಹುಟ್ಟಿದಾಗಿಂದ ಕೂಡಿದ್ದ ಜಾತಕ ಇವತ್ತು ಹೆಂಗ್ರೀ ಕೂಡದೆ ಹೋಯ್ತು? ಗ್ರಹಗಳೇನು ಪೋರೂರಿಂದ ಮನೆ ಬದಲಾಯಿಸಿದ್ವಾ?"

ಅಪ್ಪ ಮಂಜುನಾಥಯ್ಯ ಮೀನಂಬಾಕ್ಕಂನ ಹವಾಮಾನ ಕಚೇರಿಯಲ್ಲಿದ್ದರು. ಅವರು ಕನ್ನಡಕ ತೆಗೆದು ಒರೆಸುತ್ತ, "ಬಂಗಾಳ ಕೊಲ್ಲೀಲಿ ಎಲ್ಲೋ ಗಾಳಿ ತಿರುಗಿದ್ರೆ ಮುಂಚೇನೇ ಹೇಳ್ತೀನಿ. ಒಡಹುಟ್ಟಿದೋಳದ್ದು ಮಾತ್ರ ಹೇಳಕ್ಕಾಗ್ಲಿಲ್ಲ ನೋಡು," ಎಂದರು. ಯಾರೂ ನಗಲಿಲ್ಲ. ಅವರೂ ನಗಿಸಲೆಂದು ಹೇಳಿರಲಿಲ್ಲ.

ಅದೇ ಫೋನಿನಲ್ಲಿ ಅತ್ತೆ ಪಾವನಾಳನ್ನೂ ಕರೆಸಿ ಮಾತನಾಡಿದ್ದಳು. ಪಾವನಾ ರಿಸೀವರನ್ನು ಕಿವಿಗೆ ಒತ್ತಿಕೊಂಡು, "ಹೂಂ ಅತ್ತೆ, ಹೂಂ," ಎಂದಷ್ಟೇ ಹೇಳಿ ಇಟ್ಟಿದ್ದಳು. ಆಮೇಲೆ ಅಣ್ಣನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ಅತ್ತೆ ಏನಂದ್ರು ಗೊತ್ತಾ? 'ನಿನ್ ಮೇಲೆ ನಂಗೇನೂ ಬೇಜಾರಿಲ್ಲ ಪುಟ್ಟಿ. ಆದ್ರೆ ಮೊಮ್ಮಕ್ಕಳನ್ನ ಎತ್ಕೊಳ್ಳೋ ಆಸೆ ನಂಗೂ ಇರುತ್ತಲ್ವಾ' ಅಂದ್ರು."

ಅವನು ಕುರ್ಚಿಯನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ.

"ಅದು ಗೊತ್ತಿದ್ದಿದ್ದು ಇಬ್ಬರಿಗೇ ಅಣ್ಣ. ನಾನಂತೂ ಹೇಳಿಲ್ಲ. ನೀನು?"

ಆ ಕ್ಷಣಕ್ಕೆ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ಸಾಲು ಸಾಲಾಗಿ ಓದಿ, ಎಲ್ಲಿ ಸೋರುತ್ತದೆ ಎಂದು ಹುಡುಕುವುದು ಚಂದ್ರಶೇಖರನ ಕೆಲಸ. ನೋಡದೆ 'ಇಲ್ಲ' ಎನ್ನುವುದು ಅವನಿಂದ ಆಗದು. ಅವನು ಯೋಚಿಸತೊಡಗಿದ. ಸ್ಕೂಟರಿನ ಮಾತುಗಳು, ಕ್ಯಾಂಟೀನಿನ ಮಾತುಗಳು, ಅತ್ತೆಯ ಮನೆಯಲ್ಲಿ ಉಂಡ ಊಟಗಳು, ಒಂದೊಂದನ್ನೇ ಹಿಂದಕ್ಕೆ ಹೋಗಿ ನೋಡಿದ. ಅವನು ನೋಡಿ ಮುಗಿಸುವ ಮೊದಲೇ ಪಾವನಾ ಬಾಗಿಲು ತೆಗೆದು ಹೊರಟುಹೋಗಿದ್ದಳು.

ಅವಳಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಬೇಸಿಗೆ ಶುರುವಾಗುವ ಹೊತ್ತಿನಲ್ಲಿ ಅವಳನ್ನು ಪೋರೂರಿನ ಒಂದು ರೋಗಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದವನು ಅವನೇ. ಮುಟ್ಟು ನಿಂತು ತಿಂಗಳುಗಳಾಗಿವೆ ಎಂದು ಅವಳು ಅಮ್ಮನಿಗೆ ಹೇಳಿರಲಿಲ್ಲ, ಅಣ್ಣನಿಗೆ ಹೇಳಿದ್ದಳು. ಕ್ರೋಂಪೇಟೆಯ ಡಾಕ್ಟರಮ್ಮ ರಕ್ತಪರೀಕ್ಷೆ, ಸ್ಕ್ಯಾನ್ ಬರೆದುಕೊಟ್ಟರು.

"ಪೋರೂರಾ? ಅತ್ತೆ ಮನೆ ಅಲ್ಲೇ ಅಲ್ವೇನೋ," ಎಂದು ಪಾವನಾ ಹಿಂಜರಿದಳು.

"ಒಂದೇ ಸಲ ಹೋದ್ರೆ ಸಾಕು. ರಿಪೋರ್ಟ್ ತರೋಕೆ ಮತ್ತೆ ಹೋಗೋದೇ ಬೇಡ, ನೆಟ್‌ನಲ್ಲೇ ನೋಡ್ಬಹುದು. ಆ ಸಿಸ್ಟಮ್ ನಮ್ ಕಂಪನಿದೇ ಕಣೇ. ನಾನೇ ನೋಡಿರೋದು."

ನಾನೇ ನೋಡಿರೋದು ಎಂಬ ಮಾತಿಗೆ ಅವಳು ಒಪ್ಪಿದಳು. ಕೇಂದ್ರದಲ್ಲಿ ಹೆಸರು ಕೇಳಿದಾಗ ಪಕ್ಕದವರಿಗೆ ಕೇಳಿಸದಂತೆ ಹೇಳಿದ್ದಳು. ಎರಡು ಸಲ ಕೇಳಿಸಿಕೊಂಡ ಮೇಲೆ ಗುಮಾಸ್ತೆ ಅದನ್ನು ಎಲ್ಲರಿಗೂ ಕೇಳುವಂತೆ ಉಚ್ಚರಿಸಿ ಬರೆದುಕೊಂಡಿದ್ದಳು. ವಾರದ ಮೇಲೆ ರಿಪೋರ್ಟ್ ಬಂತು. ಅಂಡಾಶಯಗಳು ಅಕಾಲದಲ್ಲಿ ಕೆಲಸ ನಿಲ್ಲಿಸುತ್ತಿವೆ, ಮಕ್ಕಳಾಗುವ ಸಾಧ್ಯತೆ ತೀರ ಕಡಿಮೆ ಎಂದು ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದರು.

ಹೊರಗೆ ಬಂದ ಮೇಲೆ ಪಾವನಾ ಅಳಲಿಲ್ಲ. "ನಿಶಿಗೆ ನಾನೇ ಹೇಳ್ತೀನಿ. ನನ್ ಬಾಯಿಂದಾನೇ ಹೇಳ್ಬೇಕು. ಆಮೇಲೆ ಅವನು ಬೇಡ ಅಂದ್ರೆ ಬೇಡ ಅನ್ಲಿ. ಅಲ್ಲೀವರೆಗೆ ಅಮ್ಮಂಗೂ ಹೇಳ್ಬೇಡ," ಎಂದಳು. ಹೇಳುವ ಮಾತನ್ನು ಅವಳು ವಾರಗಟ್ಟಲೆ ಕೂಡಿಸಿಕೊಂಡಳು. ಕೊನೆಗೆ, "ಬರೋ ಭಾನುವಾರ ಕೆರೆ ಹತ್ರ ಸಿಗು ಅಂದಿದೀನಿ ಅಣ್ಣ. ಅವತ್ತು ಹೇಳ್ತೀನಿ," ಎಂದಿದ್ದಳು.

ಆ ಭಾನುವಾರ ಇದೇ. ಅವಳು ಪೋರೂರು ಕೆರೆಗೆ ಹೋಗದೆ ಪಾತ್ರೆ ತೊಳೆಯುತ್ತಿದ್ದಳು.

ಸೋಮವಾರ ಬೆಳಗ್ಗೆ ಆಫೀಸಿಗೆ ಹೋದಾಗ ಬೇಬಿ ಅವನ ಕುರ್ಚಿಯ ಪಕ್ಕದಲ್ಲೇ ಕಾಯುತ್ತಿದ್ದಳು. ಅವಳು ಟೆಸ್ಟರ್. ಇತರರು ಬರೆದದ್ದನ್ನು ಕೆಡಿಸಿ ನೋಡುವುದಕ್ಕೇ ಸಂಬಳ ಪಡೆಯುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವ ಹುಡುಗಿ.

"ಚಂದ್ರು ಸಾರ್, ಇಂಗ ವಾಂಗ. ಕುಟುಂಬ ತಲೈವರ್ ಪೇರು ಪಾರುಂಗ. ಇದು ಮನುಷಂಗ ಪೇರಾ?" ಕುಟುಂಬದ ಯಜಮಾನರ ಹೆಸರು ನೋಡಿ, ಇದೇನು ಮನುಷ್ಯರ ಹೆಸರೇ ಎಂದು ಅವಳು ನಗುತ್ತಿದ್ದಳು.

ಪೋರೂರಿನ ಕೇಂದ್ರದವರು ಯಾವುದೋ ಪುಟ ನಿಧಾನವಾಗುತ್ತಿದೆ ಎಂದು ದೂರಿದ್ದರು. ಅದನ್ನು ಪತ್ತೆಹಚ್ಚಲು ಅವಳು ಡೇಟಾಬೇಸಿನಲ್ಲಿ ರೋಗಿಗಳ ವಿವರಗಳಿರುವ ಟೇಬಲನ್ನು ತೆರೆದು ಕೂತಿದ್ದಳು. ಅಲ್ಲಿ ಹೆಸರು, ವಯಸ್ಸು, ಮೊಬೈಲ್ ನಂಬರ್, ಆಮೇಲೆ ಕುಟುಂಬದ ಯಜಮಾನರ ಹೆಸರು. ಒಂದು ಮನೆಯವರೆಲ್ಲ ಒಂದೇ ಕಡೆ ತಮ್ಮ ರಿಪೋರ್ಟುಗಳನ್ನು ನೋಡಿಕೊಳ್ಳಲಿ ಎಂದು 'ಕುಟುಂಬದ ವರದಿಗಳು' ಎಂಬ ಪುಟವಿತ್ತು. ಸದಸ್ಯ ಒಳಗೆ ಬಂದ ಕೂಡಲೇ ಆ ಪುಟ ಟೇಬಲಿನಿಂದ ಅವನ ಯಜಮಾನರ ಹೆಸರನ್ನು ಎತ್ತಿಕೊಂಡು, ಅದೇ ಹೆಸರಿನ ಎಲ್ಲರ ರಿಪೋರ್ಟುಗಳನ್ನು ತಂದು ತೋರಿಸುತ್ತಿತ್ತು. ಬರೆದವನು ನಿಶಾಂತ. ನೋಡಿ ಸರಿ ಎಂದವನು ಚಂದ್ರಶೇಖರ.

ಮೂರು ಖಾತೆಗಳಲ್ಲಿ ಯಜಮಾನರ ಹೆಸರಿರಬೇಕಾದ ಜಾಗದಲ್ಲಿ ಹೆಸರಿರಲಿಲ್ಲ. ಮೊದಲಿಗೆ ಒಂದು ಉದ್ಧರಣ ಚಿಹ್ನೆ, ಅದರ ಹಿಂದೆ ಡೇಟಾಬೇಸಿನ ಭಾಷೆಯಲ್ಲಿ 'ಅಥವಾ' ಎಂಬ ಪದ. ಎರಡರಲ್ಲಿ ಅದಾದ ಮೇಲೆ 'ಒಂದು ಒಂದಕ್ಕೆ ಸಮ' ಎಂದಿತ್ತು. ಯಾವಾಗಲೂ ನಿಜವಾಗುವ ಮಾತು ಅದು. ಅದನ್ನು ಕೇಳಿದ ಡೇಟಾಬೇಸ್ ಎಲ್ಲರ ರಿಪೋರ್ಟನ್ನೂ ತಂದು ಸುರಿಯುತ್ತದೆ.

ಮೂರನೆಯದರಲ್ಲಿ 'ಅಥವಾ' ಆದಮೇಲೆ ಒಂದು ಮೊಬೈಲ್ ನಂಬರ್ ಇತ್ತು. ಆ ಸಿಮ್ ಅನ್ನು ಪಲ್ಲಾವರಂ ಸ್ಟೇಷನ್ನಿನ ಎದುರಿನ ಅಂಗಡಿಯಲ್ಲಿ ಪಾವನಾಳಿಗೆ ಕೊಡಿಸಿದವನು ಅವನೇ.

"ಎನ್ನಾಚ್ಚು ಸಾರ್?" ಎಂದಳು ಬೇಬಿ. ಅವಳ ನಗು ನಿಂತಿತ್ತು.

"ಏನಿಲ್ಲ. ನಾನು ನೋಡ್ಕೋತೀನಿ," ಎಂದ, ಅವಳಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು.

ಆ ವರ್ಷದ ಮೊದಲಲ್ಲಿ ಹೊಸಬರಿಗೆಲ್ಲ ಅವನೊಂದು ಪಾಠ ಮಾಡಿದ್ದ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೇನು, ಅದನ್ನು ಗುರುತಿಸುವುದು ಹೇಗೆ, ತಡೆಯುವುದು ಹೇಗೆ ಎಂದು. ಬೋರ್ಡಿನ ಮೇಲೆ ಬರೆದದ್ದು ಯಾರಿಗೂ ಹತ್ತದಿದ್ದಾಗ ದೇವಸ್ಥಾನದ ಉಪಮೆ ಕೊಟ್ಟಿದ್ದ. ಅರ್ಚನೆ ಮಾಡಿಸುವಾಗ ಅರ್ಚಕರು ಮಂತ್ರ ಹೇಳುತ್ತ ಹೆಸರು ಬರುವ ಜಾಗದಲ್ಲಿ ನಿಲ್ಲಿಸಿ ನಮ್ಮ ಮುಖ ನೋಡುತ್ತಾರೆ. ನಾವು ಹೆಸರು, ನಕ್ಷತ್ರ ಹೇಳುತ್ತೇವೆ, ಅವರು ಅದನ್ನು ಸೇರಿಸಿ ಮುಂದುವರಿಸುತ್ತಾರೆ. ಯಾರೋ ಒಬ್ಬ ಹೆಸರಿನ ಜಾಗದಲ್ಲಿ ಇನ್ನೊಂದು ಮಂತ್ರವನ್ನೇ ಹೇಳಿದ ಎಂದುಕೊಳ್ಳಿ. ಅರ್ಚಕರು ಕಣ್ಣುಮುಚ್ಚಿ ಅದನ್ನೂ ಹೇಳಿಬಿಟ್ಟರೆ ಪೂಜೆಯ ಫಲ ಎಲ್ಲಿಗೋ ಹೋಯಿತು. ಹಾಗಾಗಿ ಹೊರಗಿನವರು ಹೇಳಿದ್ದನ್ನು ಮಂತ್ರದೊಳಗೆ ನೇರವಾಗಿ ಅಂಟಿಸಬಾರದು. ಮಂತ್ರ ಮೊದಲೇ ಪೂರ್ತಿಯಾಗಿ ಸಿದ್ಧವಾಗಿರಬೇಕು, ಹೆಸರಿಗೆ ಬೇರೆಯೇ ಒಂದು ಜಾಗ ಇರಬೇಕು. ಆ ಜಾಗಕ್ಕೆ ಏನು ಬಂದರೂ ಅದು ಬರೀ ಹೆಸರು, ಮಂತ್ರವಾಗಲಾರದು.

ಎಲ್ಲರೂ ತಲೆದೂಗಿದ್ದರು. ಹಿಂದಿನ ಸಾಲಿನಿಂದ ನಿಶಾಂತ ಕೇಳಿದ್ದ: "ಭಾವ, ಶಾಶ್ವತ ಪೂಜೆಗೆ ಹೆಸರು ಬರೆಸಿರ್ತಾರಲ್ಲ? ಅದನ್ನ ದೇವಸ್ಥಾನದ ಪುಸ್ತಕದಿಂದಾನೇ ಓದ್ತಾರೆ. ಅಲ್ಲೂ ಹುಷಾರಾಗಿರ್ಬೇಕಾ?"

ಆಫೀಸಿನಲ್ಲಿ ಭಾವ ಎಂದು ಕರೆದನೆಂದು ಎಲ್ಲರೂ ನಕ್ಕಿದ್ದರು. ಆ ನಗುವಿನ ನಡುವೆ ಚಂದ್ರಶೇಖರ, "ಪುಸ್ತಕದೊಳಗೆ ಬರೋವಾಗ್ಲೇ ನೋಡಿರ್ತೀವಲ್ಲಪ್ಪ. ಒಳಗಿರೋದು ನಮ್ದೇ," ಎಂದಿದ್ದ.

ಅದು ಸರಿಯಾದ ಉತ್ತರವಾಗಿರಲಿಲ್ಲ. ನೋಂದಣಿಯ ಪುಟ ಹೊರಗಿನಿಂದ ಬಂದದ್ದನ್ನು ಅಪಾಯವಿಲ್ಲದಂತೆ ಬೇರೆ ಜಾಗದಲ್ಲಿಟ್ಟು ಟೇಬಲಿಗೆ ಸೇರಿಸುತ್ತಿತ್ತು ನಿಜ. ಆದರೆ ಸೇರಿಸಿದ್ದು ಅದೇ ಮಂತ್ರವನ್ನು, ಅಕ್ಷರ ಬಿಡದೆ. ಅದು ಅಲ್ಲಿ ಹೆಸರಿನ ವೇಷದಲ್ಲಿ ಸುಮ್ಮನೆ ಮಲಗಿತ್ತು. ಕುಟುಂಬದ ಪುಟ ಅದನ್ನು ನಮ್ಮದೇ ಎಂದು ನಂಬಿ ಎತ್ತಿ ತನ್ನ ಮಂತ್ರಕ್ಕೆ ಅಂಟಿಸಿದಾಗ ಎದ್ದು ಕೂತಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅವನು ನಿಶಾಂತನನ್ನು ಆಫೀಸಿನ ಹಿಂದಿನ ಟೀ ಅಂಗಡಿಗೆ ಕರೆದೊಯ್ದ. ಆಚೆ ಜೌಗು ನೆಲ, ಅದರಾಚೆ ಊರಿನ ಕಸದ ಹೊಗೆ. ನಿಶಾಂತ ಲೋಟ ಹಿಡಿದು ನಿಂತನೇ ಹೊರತು ಕುಡಿಯಲಿಲ್ಲ.

"ಎಷ್ಟು ಸಲ ನೋಡಿದೆ?" ಎಂದು ಕೇಳಿದ ಚಂದ್ರಶೇಖರ.

ಏನನ್ನು ಎಂದು ನಿಶಾಂತ ಕೇಳಲಿಲ್ಲ. "ಅವಳದ್ದು ಒಂದೇ ಸಲ ಭಾವ. ಅಮ್ಮ ನಿನ್ ಸ್ಕೂಟರ್ ನೋಡಿದ್ಳು, ಆ ಸೆಂಟರ್ ಮುಂದೆ. ಪಾವನಾ ಇಳಿಯೋದೂ ನೋಡಿದ್ಳು. ಅವತ್ತಿಂದ ನಿದ್ದೆ ಇಲ್ಲ. ಏನಾಗಿದೆ ಏನಾಗಿದೆ ಅಂತ ಒಂದೇ ಸಮ."

"ಕೇಳ್ಬಹುದಿತ್ತಲ್ಲೋ."

"ಯಾರನ್ನ? ಹೊರಗಿನ ಸಂಬಂಧ ಆಗಿದ್ರೆ ಅಕ್ಕಪಕ್ಕದೋರನ್ನ ವಿಚಾರಿಸ್ತಿದ್ವಿ, ಯಾರದಾದ್ರೂ ಕೈಲಿ ಕೇಳಿಸ್ತಿದ್ವಿ, ಅವ್ರೂ ಬೇಜಾರು ಮಾಡ್ಕೋತಿರ್ಲಿಲ್ಲ. ಸ್ವಂತ ಮಾವನ ಮಗಳನ್ನ ಯಾರಾದ್ರೂ ವಿಚಾರಿಸ್ತಾರಾ? ಅಮ್ಮ ಮಾವಂಗೆ ಫೋನ್ ಮಾಡಿ 'ನಿನ್ ಮಗಳಿಗೇನಾಗಿದೆ' ಅಂತ ಹೆಂಗೆ ಕೇಳ್ತಾಳೆ? ನಂಬಿಕೆ ಇಲ್ವಾ ಅಂತಾಗಲ್ವಾ?"

"ಪಾವನಾನ್ನೇ ಕೇಳ್ಬಹುದಿತ್ತು."

ನಿಶಾಂತ ಜೌಗಿನ ಕಡೆ ನೋಡಿದ. "ಹೂಂ. ಕೇಳ್ಬಹುದಿತ್ತು."

ಲೋಟವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಅವನೇ ಮುಂದುವರಿಸಿದ: "ಏನೂ ಇರಲ್ಲ, ನೋಡಿ ಅಮ್ಮಂಗೆ ಸಮಾಧಾನ ಹೇಳೋಣ ಅಂತಾನೇ ಹೋಗಿದ್ದು. ಬ್ರೌಸಿಂಗ್ ಸೆಂಟರ್ ಹೊರಗೆ ಅಮ್ಮ ನಿಂತಿದ್ಳು. ಏನೂ ಇಲ್ಲಮ್ಮ ಅಂತ ಹೇಳೋಕೆ ಬಾಯಿ ತೆಗ್ದೆ. ಬರ್ಲಿಲ್ಲ. ಮುಖ ನೋಡೇ ತಿಳ್ಕೊಂಡ್ಬಿಟ್ಳು."

ಇವನನ್ನು ಹೊಡೆಯಬೇಕು ಎಂದು ಬೆಳಗ್ಗಿನಿಂದ ಅಂದುಕೊಂಡಿದ್ದ ಚಂದ್ರಶೇಖರನಿಗೆ ಕೈ ಏಳಲಿಲ್ಲ. ಅವನು ಕೇಳಬೇಕಾದ ಇನ್ನೊಂದನ್ನು ಕೇಳಿದ. "ಮೂರು ಖಾತೆ ಇದೆ. ಮೂರೂ ಯಾಕೆ ಮಾಡಿದೆ?"

"ಎರಡು. ಮೊದಲ್ನೇದ್ರಲ್ಲಿ ಎಲ್ಲಾರ್ದೂ ಬಂದ್ಬಿಡ್ತು. ಗಾಬರಿಯಾಗಿ ಮುಚ್ಚಿ, ಅವಳ ನಂಬರ್ ಹಾಕಿ ಇನ್ನೊಂದು ಮಾಡ್ದೆ. ಅಷ್ಟೇ."

"ಪೊಂಗಲ್ ಟೈಮಿಂದೊಂದಿದೆಯಲ್ಲ?"

"ಅದು ನಂದಲ್ಲ ಭಾವ."

"ನಿಶಿ..."

"ಅಮ್ಮನಾಣೆ. ನಂದಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆಫೀಸಿಗೆ ಮರಳಿ, ಬಂದುಹೋದವರ ಲೆಕ್ಕವಿಡುವ ಲಾಗ್ ತೆಗೆದು ನೋಡಿದಾಗ ಅದು ಖಚಿತವಾಯಿತು. ಪೊಂಗಲ್ ಹೊತ್ತಿಗೆ, ಕುಟುಂಬದ ಪುಟ ಆಗಷ್ಟೇ ಶುರುವಾಗಿದ್ದಾಗ, ಯಾರೋ ಆ ಖಾತೆ ತೆರೆದಿದ್ದರು. ಆಮೇಲೂ ಮತ್ತೆ ಮತ್ತೆ ಬಂದಿದ್ದರು. ಬೇಸಿಗೆಯಲ್ಲೂ ಬಂದಿದ್ದರು, ಕಳೆದ ವಾರವೂ. ಬಂದಾಗಲೆಲ್ಲ ಎಲ್ಲರ ರಿಪೋರ್ಟುಗಳೂ ಅವರ ಮುಂದೆ ಹರಡಿಕೊಂಡಿದ್ದವು. ಮಧುಮೇಹದವರದು, ಗರ್ಭಿಣಿಯರದು, ಯಾರಿಗೂ ಹೇಳದ ಕಾಯಿಲೆಯವರದು. ಅವುಗಳ ನಡುವೆ ಪಾವನಾಳದೂ. ಬಂದವರು ಯಾರೋ. ಬ್ರೌಸಿಂಗ್ ಸೆಂಟರುಗಳ ವಿಳಾಸ ಬಿಟ್ಟರೆ ಲಾಗಿನಲ್ಲಿ ಬೇರೇನೂ ಇರಲಿಲ್ಲ. ಕೆಲಸವಿಲ್ಲದ ಯಾವನೋ ಹುಡುಗನಿರಬಹುದು, ವಿಮೆಯ ಏಜೆಂಟನಿರಬಹುದು, ದಿನಾ ಅವಳು ಹತ್ತುವ ಬಸ್ಸಿನಲ್ಲೇ ಬರುವವನಿರಬಹುದು.

ತಿದ್ದುವ ಕೆಲಸ ದೊಡ್ಡದಾಗಿರಲಿಲ್ಲ. ಕುಟುಂಬದ ಪುಟದಲ್ಲಿ ಹೆಸರನ್ನು ಅಂಟಿಸುತ್ತಿದ್ದ ಸಾಲನ್ನು ಅಳಿಸಿ, ಅದಕ್ಕೆ ಬೇರೆ ಜಾಗ ಮಾಡಿಕೊಟ್ಟ. ಬಳಿಕ ಇಡೀ ಕೋಡನ್ನು ಮೊದಲಿನಿಂದ ಓದಿದ. ಟೇಬಲಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ನಂಬಿದ ಸಾಲುಗಳು ಇನ್ನೂ ಎಲ್ಲೆಲ್ಲೋ ಇದ್ದವು. ಅವನ್ನೂ ಒಂದೊಂದಾಗಿ ತಿದ್ದಿದ. ಇಂಥ ನಂಬಿಕೆಯನ್ನು ಹಿಂದೊಮ್ಮೆ ಇದೇ ಕಣ್ಣು ಸರಿ ಎಂದು ಬಿಟ್ಟಿತ್ತು.

ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದ, ನಿಶಾಂತನ ಹೆಸರೊಂದನ್ನು ಬಿಟ್ಟು. ಮ್ಯಾನೇಜರು ಕೇಂದ್ರದವರೊಡನೆ ಫೋನಿನಲ್ಲಿ ಬಹಳ ಹೊತ್ತು ಮಾತನಾಡಿ ಹೊರಗೆ ಬಂದರು. ಪುಟವನ್ನು ಒಂದಷ್ಟು ದಿನ ಮುಚ್ಚಿ 'ದುರಸ್ತಿಯಲ್ಲಿದೆ' ಎಂದು ಹಾಕುವುದು ಎಂದು ತೀರ್ಮಾನವಾಗಿತ್ತು.

"ಪೇಷಂಟ್ಸ್‌ಗೆ ತಿಳಿಸಬೇಕಲ್ಲ ಸಾರ್?" ಎಂದ ಚಂದ್ರಶೇಖರ.

"ಎದುಕ್ಕು ಚಂದ್ರು? ತೆರಿಯಾದವಂಗಳುಕ್ಕು ವಲಿಕ್ಕಾದು," ಎಂದರು ಅವರು. ಗೊತ್ತಿಲ್ಲದವರಿಗೆ ನೋವಿಲ್ಲ.

ಬೇಬಿ ತನ್ನ ಜಾಗದಲ್ಲಿ ಕೂತೇ, "ಎಂಗ ಅಮ್ಮಾ ರಿಪೋರ್ಟೂ ಅದುಲ ಇರುಕ್ಕು ಸಾರ್," ಎಂದಳು. ತನ್ನ ತಾಯಿಯ ರಿಪೋರ್ಟೂ ಅದರಲ್ಲಿದೆ ಎಂದು. ಮ್ಯಾನೇಜರು ಕೇಳಿಸಿಕೊಂಡರೋ ಇಲ್ಲವೋ. ಅವಳು ಅದನ್ನು ಮತ್ತೊಮ್ಮೆ ಹೇಳಲಿಲ್ಲ.

ಸಂಜೆ ಪಲ್ಲಾವರಂ ಬಸ್ ಸ್ಟಾಪಿನಲ್ಲಿ ಅವನು ಪಾವನಾಳಿಗಾಗಿ ಕಾದ. ಅವಳು ಕ್ರೋಂಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಅಂಚು ಮಡಚಿದ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಇಳಿದಳು. ಅಣ್ಣನನ್ನು ನೋಡಿದರೂ ನಡಿಗೆ ನಿಧಾನ ಮಾಡಲಿಲ್ಲ. ಅವನು ಸ್ಕೂಟರನ್ನು ತಳ್ಳುತ್ತ ಪಕ್ಕದಲ್ಲಿ ನಡೆದ.

ಹೇಳಬೇಕಾದ ಮಾತು ಸಿದ್ಧವಾಗಿತ್ತು. ನಾನಲ್ಲ ಕಣೇ. ಅಷ್ಟು ಹೇಳಿದರೆ, ಮತ್ತೆ ಯಾರು ಎಂದು ಕೇಳುತ್ತಾಳೆ. ನಿಶಾಂತ ಎನ್ನಬೇಕು. ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ಗಣಿತದವಳು, ಒಂದು ಹೆಜ್ಜೆಯನ್ನೂ ಬಿಡುವವಳಲ್ಲ.

"ಪಾವನಾ," ಎಂದ.

"ಏನೂ ಹೇಳ್ಬೇಡ ಅಣ್ಣ. ನಾನೇ ಯೋಚ್ನೆ ಮಾಡ್ದೆ." ಅವಳು ಎದುರಿಗೆ ನೋಡುತ್ತಲೇ ಮಾತನಾಡಿದಳು. "ನಿನ್ ಮೇಲೆ ಸಿಟ್ಟಿದೆ. ಇಲ್ಲ ಅನ್ನಲ್ಲ. ನಾನು ಹೇಳ್ಬೇಕಾಗಿದ್ದ ಮಾತು ಅದು, ನೀನು ಕಸ್ಕೊಂಡೆ. ಆದ್ರೂ ಒಂದು ಸಮಾಧಾನ. ನಿನ್ನಿಂದ ಹೋಗಿದ್ದು ಅವರಿಬ್ಬರಲ್ಲೇ ನಿಲ್ಲುತ್ತೆ. ಅತ್ತೆ ಇನ್ಯಾರಿಗೂ ಹೇಳಲ್ಲ, ಅಷ್ಟು ಗೊತ್ತು. ಕಂಡೋರಿಗೆಲ್ಲ ಗೊತ್ತಾಗಿದ್ರೆ ನಾನು ಈ ಬಸ್ಸಲ್ಲಿ ತಲೆ ಎತ್ತಿ ಕೂರೋಕಾಗ್ತಿತ್ತಾ?"

ಒಂದು ವಿಮಾನ 'ಗುಂಯ್' ಎಂದು ಮೇಲೆ ಹಾದುಹೋಯಿತು. ಅದು ದಾಟಲೆಂದು ಇಬ್ಬರೂ ಕಾದರು. ಈ ಬಡಾವಣೆಯಲ್ಲಿ ಎಲ್ಲರಿಗೂ ಅದೇ ರೂಢಿ, ಮಾತಿನ ನಡುವೆ ನಿಂತು ಕಾಯುವುದು. ಸದ್ದು ಅಡಗಿದ ಮೇಲೆ ಅವನು ಬಾಯಿ ತೆರೆಯಬಹುದಿತ್ತು.

"ಪೇಪರ್ ಕಟ್ಟು ಕೊಡು, ಮುಂದೆ ಇಟ್ಕೋತೀನಿ," ಎಂದ.

ಅವಳು ಕೊಡಲಿಲ್ಲ.

ನಿಶಾಂತ ಆ ತಿಂಗಳೇ ರಾಜೀನಾಮೆ ಕೊಟ್ಟು ಪುಣೆಗೆ ಹೋದ. ಮುಂದಿನ ವರ್ಷ ಹಾಸನದ ಕಡೆಯ ಹುಡುಗಿಯೊಡನೆ ಅವನ ಮದುವೆಯಾಯಿತು. ಹೊರಗಿನ ಸಂಬಂಧವೆಂದು ಅತ್ತೆ ಎಲ್ಲ ಕಡೆ ವಿಚಾರಿಸಿಯೇ ಮಾಡಿದಳಂತೆ. ಅಪ್ಪ ಒಬ್ಬರೇ ಹೋಗಿ ಅಕ್ಷತೆ ಹಾಕಿ ಬಂದರು. ಪಾವನಾಳಿಗೆ ಕೊಯಮತ್ತೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಹೋಗುವ ಮುನ್ನ ಅಮ್ಮನಿಗೆ ತಾನೇ ಎಲ್ಲವನ್ನೂ ಹೇಳಿದಳು. ಅಮ್ಮ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಹಚ್ಚತೊಡಗಿದರು. ಅಣ್ಣನೊಡನೆ ಅವಳು ಮಾತು ಬಿಡಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ, ಗ್ಯಾಸ್ ಬಂತೇ, ಅಪ್ಪನ ಬಿ.ಪಿ. ಹೇಗಿದೆ. ಮೊದಲಾದರೆ ಅವನಿಗೇ ಮೊದಲು ಬರುತ್ತಿದ್ದ ಮಾತುಗಳು ಮಾತ್ರ ಬರುವುದು ನಿಂತವು.

ಚಂದ್ರಶೇಖರ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ನಿಜವನ್ನು ಅವಳಿಂದ ಮುಚ್ಚಿಟ್ಟದ್ದು ಅವಳ ಮೇಲಿನ ಕರುಣೆಯೇ, ಅಥವಾ ಮ್ಯಾನೇಜರು ಹೇಳಿದ ಮಾತೇ ತನ್ನೊಳಗೆ ಬೇರೆ ವೇಷದಲ್ಲಿ ಕೂತಿದೆಯೇ? ಗೊತ್ತಿಲ್ಲದವರಿಗೆ ನೋವಿಲ್ಲ. ಅವಳ ರಿಪೋರ್ಟು ಬೀದಿಯಲ್ಲಿ ಬಿದ್ದಿತ್ತು ಎಂದು ತಿಳಿಯುವ ಹಕ್ಕು ಅವಳಿಗಿಲ್ಲವೇ? ಇದೆ. ಆದರೆ ತಿಳಿದ ಮೇಲೆ ಪ್ರತಿ ಬಸ್ಸಿನಲ್ಲೂ, ಪ್ರತಿ ಸ್ಟಾಫ್ ರೂಮಿನಲ್ಲೂ ಅವಳು ಮುಖಗಳನ್ನು ಹುಡುಕುತ್ತ ಕೂರಬೇಕು. ಈಗ ಅವಳ ಲೆಕ್ಕದಲ್ಲಿ ದ್ರೋಹ ಮಾಡಿದವನು ಅಣ್ಣನೊಬ್ಬನೇ. ಅವನ ಮುಖ ಅವಳಿಗೆ ಗೊತ್ತು. ಹಬ್ಬಕ್ಕೆ ಬಂದಾಗ ಅವನಿಗೆ ಅನ್ನ ಬಡಿಸುತ್ತಾಳೆ ಕೂಡ. ಈ ತಕ್ಕಡಿ ಒಂದು ದಿನವೂ ಒಂದು ಕಡೆಗೆ ವಾಲಿ ನಿಲ್ಲಲಿಲ್ಲ.

ನಾಲ್ಕು ವರ್ಷದ ಮೇಲೆ ದೀಪಾವಳಿಗೆ ಬಂದವಳು ಶುಕ್ರವಾರ ಸಂತೆಗೆ ಹೋಗೋಣ ಎಂದಳು. ಪಲ್ಲಾವರಂ ಸಂತೆಯಲ್ಲಿ ಸಿಗದ ವಸ್ತುವಿಲ್ಲ. ಗಿಡ, ಪಾರಿವಾಳ, ಕಾಲು ಮುರಿದ ಕುರ್ಚಿ, ಯಾರದೋ ಮನೆಯ ಹಳೆಯ ಫೋಟೋ ಫ್ರೇಮು. ಅವಳು ತನ್ನ ಕೊಯಮತ್ತೂರಿನ ಬಾಲ್ಕನಿಗೆಂದು ದಾಸವಾಳದ ಸಸಿ ಆರಿಸಿದಳು. ಅವನು ಚೀಲ ಹಿಡಿದು ನಿಂತ. ಪಕ್ಕದಲ್ಲಿ ಒಬ್ಬ ಗೋಣಿಯ ಮೇಲೆ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕುಗಳನ್ನು ಬದನೆಕಾಯಿಯಂತೆ ರಾಶಿ ಹಾಕಿಕೊಂಡು ಕೂತಿದ್ದ. ಅವುಗಳೊಳಗೆ ಯಾರ ಯಾರ ಗುಟ್ಟು ಅಳಿಯದೆ ಉಳಿದಿದೆಯೋ ಎಂದು ಚಂದ್ರಶೇಖರ ಕಣ್ಣು ಕೀಳಲಾರದೆ ನಿಂತಿದ್ದ.

"ಅಣ್ಣ," ಎಂದಳು ಪಾವನಾ. ಸಸಿಯ ಬೇರಿಗೆ ಅಂಟಿದ ಮಣ್ಣನ್ನು ಒತ್ತಿ ಗಟ್ಟಿ ಮಾಡುತ್ತಿದ್ದಳು. "ನೀನು ಅವತ್ತು ಅವರಿಗೆ ಹೇಳಿದ್ದು ಒಳ್ಳೇದೇ ಆಯ್ತು ಅಂತ ಈಚೆಗೆ ಅನ್ಸುತ್ತೆ. ನಾನು ಹೇಳಿದ್ದಿದ್ರೆ ನಿಶಿ ಪಾಪ ಅಂತ ಒಪ್ಕೋತಿದ್ನೋ ಏನೋ. ಆ ಪಾಪದಲ್ಲಿ ನಾನು ಬದುಕಬೇಕಾಗ್ತಿತ್ತು. ನಿನ್ ಮೇಲಿದ್ದ ಸಿಟ್ಟು ಹೋಗಿದೆ ಕಣೋ. ಯಾವತ್ತೋ ಹೋಯ್ತು. ಹೇಳೋಕೆ ಆಗಿರ್ಲಿಲ್ಲ ಅಷ್ಟೇ."

ಅವಳು ಸಸಿಯನ್ನು ಅವನು ಹಿಡಿದ ಚೀಲದೊಳಗೆ ಇಳಿಸಿದಳು. ಅವನು ಚೀಲದ ಬಾಯನ್ನು ಅಗಲ ಮಾಡಿಕೊಟ್ಟ. ಎಲೆ ಮುರಿಯದ ಹಾಗೆ ಅದನ್ನು ಎದೆಗೆ ಆನಿಸಿಕೊಂಡು, ತಂಗಿಯ ಹಿಂದೆ ಸಂತೆಯ ಜನದೊಳಗೆ ನಡೆದ.

ತಾನು ಯಾರಿಗೂ ಏನನ್ನೂ ಹೇಳಿರಲಿಲ್ಲ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.